ಟೈಲ್ಸ್ ಇನ್ನೂ ಆರಿಸಿಲ್ಲ, ಎಸ್ಟಿಮೇಟ್ ಬರೆಯುವುದು ಹೇಗೆ?

ಮೈಸೂರಿನಲ್ಲಿ ಹಳೆ ಮನೆಗಳ ಬಾತ್‌ರೂಮ್, ಅಡುಗೆಮನೆ ಒಡೆದು ಹೊಸದಾಗಿ ಮಾಡಿಕೊಡುವ ಕೆಲಸ ನನ್ನದು. ಎಸ್ಟಿಮೇಟ್ ಕೇಳುವ ದಿನ ಯಾರೂ ಟೈಲ್ಸ್ ಆರಿಸಿರುವುದಿಲ್ಲ. ನಲ್ಲಿ ಯಾವುದು ಅಂತಲೂ ಗೊತ್ತಿರುವುದಿಲ್ಲ. ಆದರೂ ಒಟ್ಟು ಎಷ್ಟಾಗುತ್ತದೆ ಅಂತ ಹೇಳಲೇಬೇಕು, ಅಲ್ವಾ? ಅದಕ್ಕೆ ನಾವು ‘ಬೇಸಿಕ್ ರೇಟ್’ ಹಿಡಿಯುತ್ತೇವೆ. ಟೈಲ್ಸ್‌ಗೆ ಚದರಡಿಗೆ ಇಷ್ಟು, ಕಮೋಡ್‌ಗೆ ಇಷ್ಟು ಅಂತ.

ಮೊದಮೊದಲು ಸುಮ್ನೆ ಒಂದು ಅಂಕಿ ಹಾಕುತ್ತಿದ್ದೆ. ಕುವೆಂಪುನಗರದ ಒಂದು ಮನೆಯಲ್ಲಿ ಎರಡು ಬಾತ್‌ರೂಮ್. ಒಂದೊಂದೂ 8 ಅಡಿಗೆ 5 ಅಡಿ. ಏಳಡಿ ಎತ್ತರದ ಗೋಡೆ, ನೆಲ, ಕಟಿಂಗ್ ವೇಸ್ಟೇಜ್ ಎಲ್ಲ ಸೇರಿ ಎರಡಕ್ಕೂ 450 ಚದರಡಿ ಬೇಕಿತ್ತು. ಚದರಡಿಗೆ 55 ರೂಪಾಯಿಯಂತೆ 24,750 ಹಿಡಿದೆ. ಅವರು ಅಂಗಡಿಯಲ್ಲಿ ಮೆಚ್ಚಿದ್ದು 110 ರೂಪಾಯಿಯದ್ದು. 18% ಜಿಎಸ್‌ಟಿ ಸೇರಿ ಬಿಲ್ 58,410 ಆಯಿತು. “ಎಸ್ಟಿಮೇಟ್‌ನಲ್ಲಿ ಟೈಲ್ಸ್ ಸೇರಿದೆ ಅಂದಿದ್ರಲ್ಲಾ?” ಅಂತ ಮನೆಯ ಮೇಷ್ಟ್ರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಜಿಎಸ್‌ಟಿ ಬೇರೆ ಎಂದು ನಾನು ಬರೆದೇ ಇರಲಿಲ್ಲ.

ಅದೂ 2×4 ಅಡಿಯ ದೊಡ್ಡ ಟೈಲ್ಸ್. ಬರೀ ಸಿಮೆಂಟಿನಲ್ಲಿ ಕೂರಿಸಿದರೆ ನಿಲ್ಲುವ ನಂಬಿಕೆಯಿಲ್ಲ, ಅಡ್ಹೆಸಿವ್ (ಟೈಲ್ಸ್ ಅಂಟಿಸುವ ಅಂಟು) ಬೇಕು. ಕೂರಿಸುವವರ ಕೂಲಿಯೂ ಜಾಸ್ತಿ. ಮಾಲು ಬದಲಾದರೆ ಕೂಲಿಯೂ ಬದಲಾಗುತ್ತದೆ ಅನ್ನೋದು ನನಗೆ ಆವತ್ತು ಸರಿಯಾಗಿ ತಟ್ಟಿತು.

ಈಗ ಎಸ್ಟಿಮೇಟ್ ಬರೆಯುವ ಮುಂಚೆ ಮನೆಯವರನ್ನು ಒಮ್ಮೆ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಏನೂ ಕೊಳ್ಳುವುದಿಲ್ಲ. ಅವರ ಕೈ ಯಾವ ಟೈಲ್ಸ್ ಮೇಲೆ ನಿಲ್ಲುತ್ತದೆ, ಅಷ್ಟೇ ನೋಡುತ್ತೇನೆ. ಆ ರೇಟನ್ನೇ ಹಿಡಿಯುತ್ತೇನೆ. ಕಡಿಮೆ ಹಿಡಿದರೆ ಕೆಲಸ ಬೇಗ ಸಿಗುತ್ತದೆ, ನಿಜ. ಆದರೆ ಅದು ಮನೆಯವರಿಗೆ ಮಾಡುವ ಮೋಸ ಅಂತಲೇ ನನ್ನ ಅಭಿಪ್ರಾಯ.

ಇನ್ನೂ ಆರಿಸದ ಸಾಮಾನಿಗೆಲ್ಲ ಬೇರೆ ಹಾಳೆ. ರೇಟಿನ ಪಕ್ಕದಲ್ಲೇ ಜಿಎಸ್‌ಟಿ, ಸಾಗಾಣಿಕೆ, ಕೂಲಿ ಸೇರಿದೆಯೋ ಇಲ್ಲವೋ ಬರೆಯುತ್ತೇನೆ. ಜಾಸ್ತಿಯಾದರೆ ಅವರು ಕೊಡಬೇಕು, ಉಳಿದರೆ ಕೊನೆಯ ಬಿಲ್ಲಿನಲ್ಲಿ ನಾನು ಕಳೆಯಬೇಕು. ಒಂದು ಬಾಕ್ಸ್ ಟೈಲ್ಸ್ ಹೆಚ್ಚಿಗೆ ಹಿಡಿದಿರುತ್ತೇನೆ. ಮುಂದೆ ಒಂದು ಒಡೆದರೆ ಅದೇ ಶೇಡ್ ಸಿಗುವುದು ಕಷ್ಟ.

ಆ ಹಾಳೆಯಲ್ಲಿ, ಯಾವುದನ್ನು ಯಾವತ್ತಿನೊಳಗೆ ಆರಿಸಬೇಕು ಅನ್ನುವ ತಾರೀಕೂ ಇರುತ್ತದೆ. ಟೈಲ್ಸ್ ಆರಿಸುವುದಕ್ಕೆ ಸ್ವಲ್ಪ ಸಮಯವಿದೆ, ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್‌ಗೆ ಇಲ್ಲ. ಅದರ ಬಾಡಿ ಗೋಡೆಯೊಳಗೆ ಹೋಗಬೇಕು. ಗೋಡೆಗೆ ತೂಗುವ ಕಮೋಡ್ ಆದರೆ ಫ್ಲಶ್ ಟ್ಯಾಂಕೂ ಗೋಡೆಯೊಳಗೇ. ಟೈಲ್ಸ್ ಕೂತ ಮೇಲೆ ಮನಸ್ಸು ಬದಲಾದರೆ ಮತ್ತೆ ಒಡೆಯಬೇಕಾಗುತ್ತದೆ.

ಈಗ ನಡೆಯುತ್ತಿರುವ ಕೆಲಸದಲ್ಲಿ ಕಮೋಡ್ ಇನ್ನೂ ಆರಿಸಿಲ್ಲ. ಸೋಮವಾರ ಪ್ಲಂಬರ್ ಬರುತ್ತಾರೆ. ಶನಿವಾರ ಎಲ್ಲರೂ ಅಂಗಡಿಗೆ ಹೋಗುವುದು ಅಂತ ಆ ಮನೆಯ ಅಮ್ಮನಿಗೆ ಹೇಳಿಟ್ಟಿದ್ದೇನೆ.