ಡಾಯ್ಲಿಯ ಚಾರ್ಟ್ ನಾನೇ ಬರೆದುಕೊಂಡಾಗ

ಕ್ರೋಶಾದಲ್ಲಿ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ, ಏಳು ಸುತ್ತಿನ ಒಂದು ಡಾಯ್ಲಿ ಹೆಣೆದಿದ್ದೆ. ಮೇಜಿನ ಮೇಲೆ ಹಾಸುವ ದುಂಡನೆಯ ಲೇಸು ಅದು. ಯಾವ ಪ್ಯಾಟರ್ನೂ ನೋಡದೆ, ಕೈಗೆ ಬಂದ ಹಾಗೆ. ಎರಡು ತಿಂಗಳಾದ ಮೇಲೆ ಅದಕ್ಕೊಂದು ಜೋಡಿ ಮಾಡೋಣ ಅಂತ ಕೂತರೆ ಐದನೇ ಸುತ್ತಿನಲ್ಲೇ ಸಿಕ್ಕಿಹಾಕಿಕೊಂಡೆ. ಮೊದಲನೆಯದನ್ನು ಬೆಳಕಿಗೆ ಹಿಡಿದು ಎಣಿಸಿದರೂ ಲೆಕ್ಕ ಕೂಡಿಬರಲಿಲ್ಲ. ಚಾರ್ಟ್, ಅಂದರೆ ಹೆಣಿಗೆಯನ್ನು ಗುರುತುಗಳಲ್ಲಿ ತೋರಿಸುವ ಚಿತ್ರ, ಬರೆಯಲು ಶುರುಮಾಡಿದ್ದೇ ಅವತ್ತು.

ಗುರುತುಗಳನ್ನು ಕಲಿಯುವುದು ಕಷ್ಟವಲ್ಲ, ಒಂದೊಂದು ಬಗೆಯ ಹೊಲಿಗೆಗೂ ಒಂದೊಂದು ಗುರುತು. ಚೈನ್‌ಗೆ ಉದ್ದನೆಯ ಸೊನ್ನೆ, ಸ್ಲಿಪ್ ಸ್ಟಿಚ್‌ಗೆ ಚುಕ್ಕೆ, ಸಿಂಗಲ್ ಕ್ರೋಶಾಗೆ ಕೂಡಿಸುವ ಅಥವಾ ಗುಣಿಸುವ ಗುರುತು. ಡಬಲ್ ಕ್ರೋಶಾ ಅಂದರೆ ತಲೆಯ ಮೇಲೆ ಅಡ್ಡಗೆರೆ ಇರುವ ಕಂಬ, ನಡುವೆ ಒಂದು ಓರೆಗೆರೆ. ಟ್ರೆಬಲ್‌ಗೆ ಎರಡು ಓರೆಗೆರೆ. ಚುಚ್ಚುವ ಮೊದಲು ಕಡ್ಡಿಗೆ ಎಷ್ಟು ಸಲ ದಾರ ಸುತ್ತಿಕೊಳ್ಳುತ್ತೇವೋ ಅಷ್ಟು ಓರೆಗೆರೆ. ಹಾಫ್ ಡಬಲ್ ಮಾತ್ರ ಇದಕ್ಕೆ ಹೊರತು, ಅದು ಗೆರೆಯಿಲ್ಲದ ಕಂಬ. ಇವೆಲ್ಲ ಅಮೆರಿಕದ ಹೆಸರುಗಳು. ಅಲ್ಲಿನ ಸಿಂಗಲ್ ಬ್ರಿಟನ್‌ನಲ್ಲಿ ಡಬಲ್ ಆಗುತ್ತದೆ. ಗುರುತಿಗೆ ಆ ಗೊಂದಲವೇ ಇಲ್ಲ, ಅದಕ್ಕೇ ನನಗೆ ಬರೆದ ಪ್ಯಾಟರ್ನ್‌ಗಿಂತ ಚಾರ್ಟ್ ಜಾಸ್ತಿ ಇಷ್ಟ.

ಮೊದಲು ಬರಿಗೈಯಲ್ಲಿ ಬರೆದೆ. ಮೂರನೇ ಸುತ್ತಿಗೆ ಜಾಗವೇ ಉಳಿಯಲಿಲ್ಲ. ಆಮೇಲೆ ಕೈವಾರದಿಂದ ಒಂದರ ಸುತ್ತ ಒಂದು ವೃತ್ತ ಎಳೆದು, ಕೋನಮಾಪಕ ಇಟ್ಟು 30 ಡಿಗ್ರಿಗೊಂದರಂತೆ 12 ಗೆರೆ ಹಾಕಿಕೊಂಡೆ. ಮೊದಲ ಸುತ್ತಿನಲ್ಲಿ 12 ಡಬಲ್ ಕ್ರೋಶಾ, ಗೆರೆಗೆ ಒಂದು. ಎರಡರಲ್ಲಿ 24, ಮೂರರಲ್ಲಿ 36. ಸುತ್ತಿಗೆ 12 ಹೆಚ್ಚಿಸುತ್ತಾ ಹೋದರೆ ಹೆಣಿಗೆ ಚಪ್ಪಟೆಯಾಗಿ ಕೂರುತ್ತದೆ. ವೃತ್ತ, ಗೆರೆ ಪೆನ್ಸಿಲ್‌ನಲ್ಲಿ, ಗುರುತು ಪೆನ್ನಿನಲ್ಲಿ. ಒಂದು ಸುತ್ತು ಕಪ್ಪು, ಮುಂದಿನದು ನೀಲಿ ಮಾಡಿದರೆ ಕಣ್ಣು ದಾರಿ ತಪ್ಪುವುದಿಲ್ಲ.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಕಂಬದ ಬುಡದ ಬಗ್ಗೆ. ನಾಲ್ಕನೇ ಸುತ್ತಿನಲ್ಲಿ ಮೂರು ಮೂರು ಚೈನ್‌ನ ಕಮಾನುಗಳಿವೆ. ಐದನೆಯದರಲ್ಲಿ ಪ್ರತಿ ಕಮಾನಿಗೂ ಐದು ಡಬಲ್ ಕ್ರೋಶಾದ ಬೀಸಣಿಗೆ. ಐದನ್ನೂ ಒಂದೇ ಚೈನ್‌ಗೆ ಚುಚ್ಚಿ ಹೆಣೆದಿದ್ದರೆ ಚಾರ್ಟ್‌ನಲ್ಲಿ ಐದರ ಬುಡವೂ ಒಂದೇ ಕಡೆ ಕೂಡಬೇಕು. ಕಮಾನಿನ ಕೆಳಗಿನ ಕಿಂಡಿಯಲ್ಲಿ ಹೆಣೆದಿದ್ದರೆ ಬುಡಗಳು ಕಮಾನಿನ ಮೇಲೆ ಬಿಡಿಬಿಡಿಯಾಗಿ ನಿಲ್ಲಬೇಕು. ನಾನು ಹೆಣೆದದ್ದು ಕಿಂಡಿಯಲ್ಲಿ, ಬರೆದದ್ದು ಕೂಡಿಸಿ. ಚಾರ್ಟ್ ನೋಡಿ ಮಾಡಿದ ಡಾಯ್ಲಿಯಲ್ಲಿ ಬೀಸಣಿಗೆಗಳು ಬುಡದಲ್ಲಿ ಮುದುಡಿಕೊಂಡು ಬೇರೆಯೇ ಆಗಿ ಕಂಡವು.

ಇನ್ನೊಂದು ತಪ್ಪು, ಆರನೇ ಒಂದು ಭಾಗ ಬರೆದು "ಹೀಗೇ ಆರು ಸಲ" ಅಂದುಕೊಂಡದ್ದು. ಸುತ್ತು ಶುರುವಾಗುವಾಗ ಮೊದಲ ಡಬಲ್ ಕ್ರೋಶಾದ ಬದಲು ಮೂರು ಚೈನ್ ಹಾಕುತ್ತೇವೆ ಅಲ್ವಾ? ಆ ತುಂಡಿನಲ್ಲಿ ಅದು ಇರಲೇ ಇಲ್ಲ. ಮೂರು ಚೈನ್ ಹಾಕಿ, ಅದರ ಮೇಲೆ 12 ಕಂಬವನ್ನೂ ಹೆಣೆದು 13 ಮಾಡಿಕೊಂಡಿದ್ದೆ. ಈಗ ಸುತ್ತು ಶುರುವಾಗುವ ಭಾಗವನ್ನೂ ಅದರ ಪಕ್ಕದ್ದನ್ನೂ ಎರಡನ್ನೂ ಬರೆಯುತ್ತೇನೆ. ಸುತ್ತಿನ ಸಂಖ್ಯೆ ಆ ಮೂರು ಚೈನ್ ಪಕ್ಕದಲ್ಲೇ ಇರುತ್ತದೆ. ಬಲಗೈಯಲ್ಲಿ ಹೆಣೆಯುವವರು ಅಲ್ಲಿಂದ ಗಡಿಯಾರದ ಮುಳ್ಳಿಗೆ ಎದುರಾಗಿ ಓದಿಕೊಂಡು ಹೋಗಬೇಕು.

ನೀಟಾದ ಪ್ರತಿ ಬೇಕಾದಾಗ ಕಂಪ್ಯೂಟರ್‌ನಲ್ಲಿ ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶ ಬಳಸುತ್ತೇನೆ, ಅದು ಉಚಿತ. ಒಂದು ಭಾಗ ಬರೆದು, ಅದು ತಿರುಗುವ ಕೇಂದ್ರವನ್ನು ವೃತ್ತದ ನಡುವಿಗೆ ಎಳೆದಿಟ್ಟು, ಕ್ಲೋನ್ (ಮೂಲಕ್ಕೆ ಅಂಟಿಕೊಂಡೇ ಇರುವ ನಕಲು) ಮಾಡಿ 60 ಡಿಗ್ರಿ ತಿರುಗಿಸಿದರೆ ಆಯಿತು. ಮೂಲ ತಿದ್ದಿದರೆ ಕ್ಲೋನ್‌ಗಳೂ ತಿದ್ದಿಕೊಳ್ಳುತ್ತವೆ.

ಚಾರ್ಟ್ ಮುಗಿದ ಮೇಲೆ ಎರಡು ವಾರ ಬದಿಗಿಡುತ್ತೇನೆ. ಹೆಣೆದದ್ದು ಮರೆಯಬೇಕು. ಆಮೇಲೆ ಡಾಯ್ಲಿಯನ್ನು ಕಣ್ಣಿಗೆ ಕಾಣದ ಹಾಗಿಟ್ಟು, ಬರೀ ಚಾರ್ಟ್ ನೋಡಿ ಹೆಣೆಯುತ್ತೇನೆ. ಈ ಡಾಯ್ಲಿಯಲ್ಲಿ ಐದು ಸುತ್ತು ಸಲೀಸಾಗಿ ಬಂತು. ಐದನೆಯದು ಮುಗಿದಾಗ ದಾರ ಬೀಸಣಿಗೆಯ ಮೊದಲ ಕಂಬದ ತಲೆಯಲ್ಲಿತ್ತು. ಆರನೆಯದು ಶುರುವಾಗಬೇಕಾದದ್ದು ಮೂರನೇ ಕಂಬದ ತಲೆಯಿಂದ. ಅಲ್ಲಿಗೆ ಹೋಗಲು ಚಾರ್ಟ್‌ನಲ್ಲಿ ದಾರಿಯೇ ಇರಲಿಲ್ಲ. ಪೆನ್ನು ತೆಗೆದು ಎರಡನೇ ಕಂಬದ ಮೇಲೊಂದು, ಮೂರನೆಯದರ ಮೇಲೊಂದು ಚುಕ್ಕೆ ಇಟ್ಟೆ.