ಮಳೆಗಾಲದಲ್ಲಿ ಪೀಲ್, ಮಳೆ ಬಿಟ್ಟ ಮೇಲೆ ಹುಬ್ಬು

ಮದುವೆಗೆ ಮುಂಚೆ ಮುಖದ ಬಂಗು ಹೋಗಬೇಕು, ಹುಬ್ಬೂ ತುಂಬಿ ಕಾಣಬೇಕು. ಎರಡನ್ನೂ ಒಂದೇ ತಿಂಗಳಲ್ಲಿ ಮುಗಿಸಲು ಹೋದರೆ ಎರಡೂ ಕೆಡುತ್ತವೆ. ಕ್ರಮ ಒಂದೇ: ಮೊದಲು ಪೀಲ್, ಅಂದರೆ ಆಸಿಡ್ ಹಚ್ಚಿ ಹೊರಚರ್ಮ ಉದುರಿಸುವುದು; ಆಮೇಲೆ ಹುಬ್ಬು, ಅಂದರೆ ಹಚ್ಚೆಯಂತೆ ಚರ್ಮದೊಳಗೆ ಬಣ್ಣ ಕೂರಿಸಿ ಹುಬ್ಬು ತುಂಬಿಸುವುದು. ಕೊಡಗಿನ ಹವೆಗೂ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಡಿಮೆ ಇರುವುದರಿಂದ ಪೀಲ್‌ಗೆ ಅದು ಒಳ್ಳೆಯ ಕಾಲ. ಮಳೆ ಹಿಂದೆ ಸರಿದ ಮೇಲೆ, ಹತ್ತು ದಿನ ಮುಖ ಒದ್ದೆಯಾಗದಂತೆ ನೋಡಿಕೊಳ್ಳಬಹುದಾದಾಗ, ಹುಬ್ಬು.

ಸಣ್ಣ ಬ್ಲೇಡ್‌ನಿಂದ ಕೂದಲಿನಂಥ ಗೆರೆ ಎಳೆಯುವ ಮೈಕ್ರೋಬ್ಲೇಡಿಂಗ್ ಆಗಲಿ, ಪೌಡರ್ ಹಚ್ಚಿದಂತೆ ಕಾಣುವ ಹಾಗೆ ಮೆಷಿನ್‌ನಲ್ಲಿ ಮಾಡುವ ಪೌಡರ್ ಬ್ರೋ ಆಗಲಿ, ಬಣ್ಣವನ್ನು ಕೂರಿಸುವುದು ಹೊರಚರ್ಮದ ಕೆಳಗೆ, ಒಳಚರ್ಮದ ತೀರಾ ಮೇಲ್ಭಾಗದಲ್ಲಿ. ಪೀಲ್‌ನಲ್ಲಿ ಬಳಸುವ ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಸಿಡ್, ರಾತ್ರಿ ಹಚ್ಚುವ ರೆಟಿನಾಲ್ ಕ್ರೀಮ್ ಇವೆಲ್ಲ ಹೊರಚರ್ಮವನ್ನು ಬೇಗಬೇಗ ಉದುರಿಸುತ್ತವೆ. ಹೀಗೆ ತೆಳುವಾದ ಚರ್ಮಕ್ಕೆ ಬ್ಲೇಡ್ ತಾಗಿದರೆ ರಕ್ತ ಹೆಚ್ಚು ಬರುತ್ತದೆ. ರಕ್ತ ಬಂದಷ್ಟೂ ಬಣ್ಣ ಕೊಚ್ಚಿಹೋಗುತ್ತದೆ, ಕೂದಲಿನಂಥ ಗೆರೆಗಳು ಹರಡಿ ಮಸುಕಾಗುತ್ತವೆ. ಮಾಡಿಸಿದ ಮೇಲೆ, ಗಾಯ ಮಾಯುವ ಮೊದಲೇ ಪೀಲ್ ತಾಗಿದರೆ ಹಕ್ಕಳೆ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಕಂದು ಚರ್ಮಕ್ಕೆ ಇನ್ನೊಂದು ತೊಂದರೆಯೂ ಇದೆ: ಉರಿದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ, ಅದು ಹೋಗಲು ತಿಂಗಳುಗಟ್ಟಲೆ ಬೇಕು.

ಹುಬ್ಬು ಮಾಡಿಸುವ ದಿನದಿಂದ ಹಿಂದಕ್ಕೆ ಎಣಿಸಿ, ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಗುರುತು ಹಾಕಿಕೊಳ್ಳಿ.

ಪಾರ್ಲರ್ ಅಥವಾ ಕ್ಲಿನಿಕ್‌ನ ಹಗುರ ಪೀಲ್: 4 ವಾರ. ಎರಡು ವಾರ ಸಾಕು ಎನ್ನುವವರಿದ್ದಾರೆ. ಕಲೆ ಬೀಳುವ ಚರ್ಮಕ್ಕೆ ನಾಲ್ಕೇ ಸರಿ.
ಟಿಸಿಎ ಎಂಬ ಕಟು ಆಸಿಡ್‌ನಿಂದ ಮಾಡುವಂಥ ಆಳದ ಪೀಲ್: 3 ತಿಂಗಳು, ಚರ್ಮವೈದ್ಯರು ಒಪ್ಪಿದ ಮೇಲೆ ಮಾತ್ರ.
ರೆಟಿನಾಲ್, ಟ್ರೆಟಿನಾಯಿನ್, ಅಡಾಪಲೀನ್ ಕ್ರೀಮ್: 4 ವಾರ.
ಮನೆಯಲ್ಲಿ ಹಚ್ಚುವ ಆಸಿಡ್ ಸೀರಮ್, ಸ್ಕ್ರಬ್, ಮೈಕ್ರೋಡರ್ಮಾಬ್ರೇಶನ್, ಮುಖದ ರೇಜರ್: 2 ವಾರ.
ಬೊಟಾಕ್ಸ್: 2 ವಾರ. ಹುಬ್ಬು ಏರಿಳಿದು ನೆಲೆಗೊಂಡ ಮೇಲೆಯೇ ಆಕಾರ ಗುರುತಿಸಬೇಕು.
ಥ್ರೆಡಿಂಗ್: 3 ದಿನ.
ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್: ಕೊನೆಯ ಮಾತ್ರೆಯಿಂದ ಕನಿಷ್ಠ 6 ತಿಂಗಳು. ಹುಬ್ಬಿಗಾಗಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಹುಬ್ಬನ್ನೇ ಮುಂದೂಡಿ.

ಈ ಪಟ್ಟಿಯಲ್ಲಿ ತಪ್ಪಿಹೋಗುವುದು ಬಂಗಿನ ಕ್ರೀಮ್. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಂಡು, ‘ಬೆಳ್ಳಗಾಗುವ ಕ್ರೀಮ್’ ಎಂದು ವರ್ಷಗಟ್ಟಲೆ ಹಚ್ಚುವವರು ಊರೂರಲ್ಲಿ ಇದ್ದಾರೆ. ಅಂಥ ಹಲವು ಟ್ಯೂಬ್‌ಗಳಲ್ಲಿ ಕಲೆ ತಿಳಿಮಾಡುವ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಇರುತ್ತವೆ. ಸ್ಟೀರಾಯ್ಡ್ ಚರ್ಮವನ್ನು ತೆಳುಮಾಡಿ, ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ‘ರೆಟಿನಾಲ್ ಹಚ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಸುಳ್ಳೇನಲ್ಲ, ಗೊತ್ತಿರುವುದಿಲ್ಲ. ಆದ್ದರಿಂದ ಹಚ್ಚುವ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಬಹಳ ಕಾಲ ಹಚ್ಚಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಕೆಂಪೇರಿ ಉರಿಯಬಹುದು, ಹಾಗಾಗಿ ಬಿಡುವ ಬಗೆಯನ್ನು ಚರ್ಮವೈದ್ಯರೇ ಹೇಳಬೇಕು.

ಇನ್ನು ಕ್ಯಾಲೆಂಡರ್. ಜನವರಿ ಕೊನೆಯಿಂದ ಮೇ ಒಳಗೆ ಮದುವೆ ಇದ್ದರೆ ಕೆಲಸ ಸುಲಭ. ಜೂನ್ ನಡುವೆ ಮೊದಲ ಪೀಲ್, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಒಟ್ಟು ನಾಲ್ಕು. ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರಕ್ಕೆ, ಕೊನೆಯದು ಮುಗಿಯಲಿ. ಮೋಡ ಇದ್ದರೂ ಸನ್‌ಸ್ಕ್ರೀನ್ ಬಿಡುವಂತಿಲ್ಲ. ಸೆಪ್ಟೆಂಬರ್ ನಡುವಿಗೆ ರೆಟಿನಾಲ್ ನಿಲ್ಲಿಸಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮೀಯುವವರು ಅದನ್ನು ಮುಗಿಸಿಕೊಂಡೇ, ಅಕ್ಟೋಬರ್ ಮೂರನೆಯ ವಾರದ ನಂತರ ಹುಬ್ಬು ಮಾಡಿಸಿ. ಹಸಿ ಹುಬ್ಬಿನಲ್ಲಿ ಮುಳುಗು ಹಾಕಬಾರದು. ಬಣ್ಣ ಬಿಟ್ಟುಹೋದ ಕಡೆ ಮತ್ತೆ ತುಂಬಿಸುವ ಟಚ್‌ಅಪ್ 6ರಿಂದ 8 ವಾರಕ್ಕೆ, ಡಿಸೆಂಬರ್‌ನಲ್ಲಿ. ಸುಗ್ಗಿ ಹಬ್ಬ ಹುತ್ತರಿ ಯಾವ ದಿನ ಬರುತ್ತದೆ ನೋಡಿಕೊಂಡು ಅದರ ನಂತರ ಇಟ್ಟುಕೊಳ್ಳಿ. ಪಟಾಕಿ ಹೊಗೆ, ನೆಂಟರು, ನಿದ್ದೆಗೇಡು ಯಾವುದೂ ಹಸಿ ಹುಬ್ಬಿಗೆ ಆಗದು. ಜನವರಿ ನಡುವಿಗೆ ಬಣ್ಣ ನೆಲೆಗೊಂಡಿರುತ್ತದೆ.

ಡಿಸೆಂಬರ್‌ನಲ್ಲೇ ಮದುವೆ ಎಂದಾದರೆ ಪೀಲ್ ಎರಡಕ್ಕೆ ಇಳಿಸಿ, ಎರಡೂ ಜೂನ್‌ನಲ್ಲಿ. ಹುಬ್ಬು ಆಗಸ್ಟ್ ಮೊದಲ ವಾರ, ಟಚ್‌ಅಪ್ ಸೆಪ್ಟೆಂಬರ್ ಕೊನೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಮುಂಜಿ ಇಲ್ಲದ್ದರಿಂದ ಮನೆಯಲ್ಲಿ ಕೂರಲು ಬಿಡುವೇನೋ ಸಿಗುತ್ತದೆ. ಆದರೆ ನಾಟಿಗೆ ಗದ್ದೆಗೆ ಇಳಿಯುವವರಾದರೆ ಈ ದಾರಿ ಬೇಡ. ಕೆಸರು ನೀರು ಸಿಡಿದರೆ ಸೋಂಕು ಖಚಿತ ಎನ್ನಲಾಗದು, ಆದರೂ ಆ ಅಪಾಯಕ್ಕೆ ಕೈಹಾಕುವುದು ಬೇಡ.

ಹುಬ್ಬು ಮಾಡಿಸಿದ ಮೇಲೆ ಮೊದಲ ದಿನ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಹತ್ತಿಯಿಂದ, ಎರಡು ಮೂರು ಗಂಟೆಗೊಮ್ಮೆ ಒಸರುವ ನೀರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಅದು ಒಣಗಿ ಗಟ್ಟಿಯಾದರೆ ದಪ್ಪ ಹಕ್ಕಳೆ ಕಟ್ಟುತ್ತದೆ. ಮರುದಿನದಿಂದ ಹುಬ್ಬು ಮಾಡಿದವರು ಕೊಟ್ಟ ಮುಲಾಮು, ಒಂದು ಹುಬ್ಬಿಗೆ ಅರ್ಧ ಅಕ್ಕಿಕಾಳಿನಷ್ಟು. ಮಡಿಕೇರಿಯ ತೇವದ ಹವೆಯಲ್ಲಿ ದಪ್ಪಗೆ ಬಳಿದರೆ ಹಕ್ಕಳೆ ಮೆತ್ತಗಾಗಿ ಬೇಗ ಕಳಚುತ್ತದೆ. ಹತ್ತು ದಿನ ತಲೆಯನ್ನು ಹಿಂದಕ್ಕೆ ಬಾಗಿಸಿಯೇ ತೊಳೆಯಿರಿ. ಬಚ್ಚಲಿನ ಹಂಡೆ ನೀರಿನ ಹಬೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಹಸಿ ಗಾಯದ ಮೇಲೆ ಸನ್‌ಸ್ಕ್ರೀನ್ ಹಚ್ಚುವಂತಿಲ್ಲ. ಹಾಗಾಗಿ ಕಾಫಿ ಕೊಯ್ಲಿನ ಹೊತ್ತಲ್ಲಿ ತೋಟಕ್ಕೆ ಹೋಗುವವರಿಗೆ ಅಗಲ ಅಂಚಿನ ಟೋಪಿಯೇ ಗತಿ.

ಬಣ್ಣದ ಬಗ್ಗೆ ಗಾಬರಿ ಬೇಡ. ಮೊದಲ ದಿನಗಳಲ್ಲಿ ತೀರಾ ಕಪ್ಪು, ಐದರಿಂದ ಹತ್ತನೆಯ ದಿನದೊಳಗೆ ಚಕ್ಕೆ ಉದುರುವುದು, ಎರಡನೆಯ ವಾರದ ಕೊನೆಗೆ ‘ಎಲ್ಲಾ ಹೋಯಿತು’ ಎನ್ನುವಷ್ಟು ತಿಳಿ. ನಾಲ್ಕರಿಂದ ಆರು ವಾರಕ್ಕೆ ನಿಜವಾದ ಬಣ್ಣ ಮೇಲೆ ಬರುತ್ತದೆ. ತಿಳಿಯಾದ ಹೊತ್ತಿನಲ್ಲೇ ಹಠ ಮಾಡಿ ಮತ್ತೊಮ್ಮೆ ಹಾಕಿಸಿಕೊಂಡರೆ ಮಾಯದ ಚರ್ಮಕ್ಕೆ ಪೆಟ್ಟು ಬಿದ್ದು ಕಲೆ ಉಳಿಯಬಹುದು. ಮೂರನೆಯ ದಿನದ ನಂತರವೂ ಕೆಂಪು, ಬಿಸಿ, ನೋವು ಏರುತ್ತಿದ್ದರೆ, ಕೀವು ಕಂಡರೆ ವೈದ್ಯರ ಬಳಿ ಹೋಗಿ. ಪಾರ್ಲರ್‌ಗೆ ಫೋನ್ ಮಾಡಿ ಕೂರಬೇಡಿ.

ಪೀಲ್ ಮತ್ತೆ ಶುರು ಮಾಡುವುದು ಟಚ್‌ಅಪ್ ಆಗಿ ಆರು ವಾರದ ಮೇಲೆ, ಅದೂ ಹುಬ್ಬನ್ನು ಬಿಟ್ಟು. ಹುಬ್ಬಿನ ಮೇಲೆ, ಸುತ್ತ ಒಂದು ಬೆರಳಗಲ ವ್ಯಾಸಲೀನ್ ಬಳಿದು ಆಮೇಲೆ ಆಸಿಡ್ ಹಚ್ಚಲು ಹೇಳಿ. ರಾತ್ರಿ ಹಚ್ಚುವ ರೆಟಿನಾಲ್‌ಗೂ ಅದೇ ಅಂತರ. ಬೆವರು, ಎಣ್ಣೆ ಜೊತೆ ಅದು ಹಣೆಯಿಂದ ಕೆಳಗೆ ಇಳಿಯುತ್ತದೆ. ಒಂದೂವರೆ ವರ್ಷ ಬರಬೇಕಾದ ಹುಬ್ಬು ಎಂಟೇ ತಿಂಗಳಲ್ಲಿ ಮಾಸಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮದುವೆಗೆ ಹತ್ತು ದಿನ ಇರುವಾಗ ಫೇಶಿಯಲ್ ಬೇಕೇ ಬೇಕೆಂದರೆ ಆಸಿಡ್, ಸ್ಕ್ರಬ್, ಬ್ಲೀಚ್ ಇಲ್ಲದ್ದನ್ನು ಮಾಡಿಸಿ.

ತಪ್ಪಿ ಪೀಲ್ ಹುಬ್ಬಿಗೆ ಇಳಿದರೆ ತಕ್ಷಣ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಉಜ್ಜದೆ ಬಿಡಿ. ಬಣ್ಣ ತೇಪೆ ತೇಪೆಯಾಗಿ ಹೋಗಿದ್ದರೂ ತುಂಬಿಸಲು ಎಂಟು ವಾರ ಕಾಯಿರಿ.

ಲೇಸರ್ ಮಾತ್ರ ಬೇರೆಯೇ ವಿಷಯ, ಇಲ್ಲಿ ವಾರಗಳ ಲೆಕ್ಕ ನಡೆಯದು. ‘ಕಾರ್ಬನ್ ಫೇಶಿಯಲ್’ ಹೆಸರಿನಲ್ಲಿ ಮಾಡುವುದು ಹಚ್ಚೆ ತೆಗೆಯಲು ಬಳಸುವ ಬಗೆಯ ಲೇಸರನ್ನೇ. ಹುಬ್ಬಿನ ಬಣ್ಣದಲ್ಲಿ ಸಾಮಾನ್ಯವಾಗಿರುವ ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗೆ ಅದು ತಾಗಿದರೆ ಕಂದು ಹುಬ್ಬು ಒಮ್ಮೆಲೇ ಕಪ್ಪು ಅಥವಾ ಬೂದಿ ಬಣ್ಣಕ್ಕೆ ತಿರುಗಬಹುದು, ಅದನ್ನು ಸರಿಪಡಿಸುವುದು ಕಷ್ಟ. ಬಣ್ಣ ಪೂರ್ತಿ ಮಾಸಿದಂತೆ ಕಂಡರೂ ಒಳಗೆ ಉಳಿದಿರಬಹುದು. ಹೊಸ ಕ್ಲಿನಿಕ್‌ಗೆ ಹೋದಾಗ, ಎಷ್ಟೇ ವರ್ಷವಾಗಿರಲಿ, ಹುಬ್ಬು ಮಾಡಿಸಿದ್ದೇನೆಂದು ಮೊದಲೇ ಹೇಳಿ, ಅದನ್ನು ಮುಚ್ಚಿಸಿಕೊಂಡೇ ಮಲಗಿ.