ವಿಕ್ ಕಾರ್ಡ್: ಈ ತಿಂಗಳ ಹಾಲು ಮುಂದಿನ ತಿಂಗಳಿಗಿಲ್ಲ

ಅಮೆರಿಕದಲ್ಲಿ ಪಿಎಚ್‌ಡಿ ಸ್ಟೈಪೆಂಡ್‌ನಲ್ಲೇ ಸಂಸಾರ ತೂಗಿಸುವವರು, ಲೇಆಫ್ ಆದವರು ‘ನಾವು ವೀಸಾದವರು, ನಮಗೇನೂ ಸಿಗಲ್ಲ’ ಎಂದು ವಿಚಾರಿಸದೆಯೇ ಸುಮ್ಮನಾಗುತ್ತಾರೆ. ಬಡ ಕುಟುಂಬಗಳಿಗೆ ದಿನಸಿಗೆ ಹಣ ಕೊಡುವ ಸರ್ಕಾರಿ ಯೋಜನೆ ಸ್ನ್ಯಾಪ್ ಮಟ್ಟಿಗೆ ಅದು ನಿಜ: ಎಫ್-1 (ವಿದ್ಯಾರ್ಥಿ), ಎಚ್-1ಬಿ (ಉದ್ಯೋಗಿ), ಎಚ್-4 (ಎಚ್-1ಬಿಯವರ ಸಂಗಾತಿ, ಮಕ್ಕಳು) ವೀಸಾ ಇದ್ದವರಿಗೆ ಅದಿಲ್ಲ, ಅಲ್ಲೇ ಹುಟ್ಟಿದ ಮಗುವಿಗೆ ಮಾತ್ರ ಕೇಳಬಹುದು, ಆಗಲೂ ಹೆತ್ತವರ ಆದಾಯ ಲೆಕ್ಕಕ್ಕೆ ಬರುತ್ತದೆ. ವಿಕ್ ಹಾಗಲ್ಲ. ಬಸುರಿಯರು, ಬಾಣಂತಿಯರು, ಐದು ತುಂಬದ ಮಕ್ಕಳಿಗಿರುವ ಈ ಸರ್ಕಾರಿ ಪೌಷ್ಟಿಕ ಆಹಾರ ಯೋಜನೆಯಲ್ಲಿ ಬಹುತೇಕ ಎಲ್ಲ ರಾಜ್ಯಗಳೂ ವೀಸಾ ಕೇಳುವುದಿಲ್ಲ. ಗುರುತು, ವಿಳಾಸ, ಆದಾಯದ ದಾಖಲೆ ಸಾಕು.

2026ರ ಜೂನ್‌ವರೆಗಿನ ಆದಾಯ ಮಿತಿ ಮೂವರ ಕುಟುಂಬಕ್ಕೆ ವರ್ಷಕ್ಕೆ 49,303 ಡಾಲರ್ (ಅಲಾಸ್ಕಾ, ಹವಾಯಿಯಲ್ಲಿ ಹೆಚ್ಚು). ಹೊಟ್ಟೆಯೊಳಗಿನ ಮಗುವೂ ತಲೆ ಲೆಕ್ಕಕ್ಕೆ ಸೇರುವುದರಿಂದ ಗಂಡ ಮತ್ತು ಬಸುರಿ ಹೆಂಡತಿ ಎಂದರೆ ಮೂವರು. ಕೆಲಸ ಹೋದವರು ಹೋದ ವರ್ಷದ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ನೋಡಿ ಹಿಂಜರಿಯಬೇಡಿ, ಈಗಿನ ಆದಾಯ ತೋರಿಸಿ.

ಹೊಸಬರು ಎಡವುವುದು ಕಾರ್ಡ್ ಸಿಕ್ಕ ಮೇಲೆ. ಸ್ನ್ಯಾಪ್‌ನಲ್ಲಿ ಉಳಿದ ಹಣ ಮುಂದಿನ ತಿಂಗಳಿಗೂ ಇರುತ್ತದೆ. ವಿಕ್‌ನಲ್ಲಿ ಕೊನೆಯ ದಿನದ ಮಧ್ಯರಾತ್ರಿಗೆ ಕಾರ್ಡ್‌ನಲ್ಲಿ ಉಳಿದ ಹಾಲು, ಕಾಳು, ತರಕಾರಿಗೆಂದು ಕೊಟ್ಟ ಡಾಲರ್ ಎಲ್ಲವೂ ಹೋಗುತ್ತದೆ. ಆ ‘ಕೊನೆಯ ದಿನ’ ಎಲ್ಲ ಕಡೆ ತಿಂಗಳ 30 ಅಥವಾ 31 ಅಲ್ಲ. ಕೆಲವು ರಾಜ್ಯಗಳಲ್ಲಿ ತಿಂಗಳ ನಡುವೆಯೇ ಬರುತ್ತದೆ. ಅಂಗಡಿಯ ರಸೀದಿಯಲ್ಲಿ ಬಾಕಿ ಮತ್ತು ಆ ತಾರೀಖು ಅಚ್ಚಾಗಿರುತ್ತದೆ, ಎಸೆಯಬೇಡಿ. ಸಾಮಾನ್ಯವಾಗಿ ಮೂರು ತಿಂಗಳದ್ದನ್ನು ಒಟ್ಟಿಗೆ ತುಂಬಿಸುತ್ತಾರೆ. ವಿಕ್ ಕ್ಲಿನಿಕ್‌ನ ಮುಂದಿನ ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ಕಾರ್ಡ್ ಖಾಲಿಯಾಗಿಯೇ ಇರುತ್ತದೆ, ಅದು ಗೊತ್ತಾಗುವುದು ಕೌಂಟರ್‌ನಲ್ಲಿ. ಕ್ಲಿನಿಕ್‌ನ ನಂಬರ್ ಸೇವ್ ಮಾಡಿಕೊಳ್ಳಿ, ಗುರುತಿಲ್ಲದ ಕರೆ ಎಂದು ಕತ್ತರಿಸಬೇಡಿ.

ಕೌಂಟರ್‌ನಲ್ಲಿ ಇನ್ನೊಂದು ತೊಡಕು. ಮೊಸರಿಗೆಂದು ನಮ್ಮವರು ಕೈಹಾಕುವುದು ಕೊಬ್ಬು ತೆಗೆಯದ ಹೋಲ್ ಮಿಲ್ಕ್‌ಗೆ. ಅದು ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ. ಎರಡು ದಾಟಿದ ಮಕ್ಕಳಿಗೆ, ತಾಯಂದಿರಿಗೆ ಸಾಮಾನ್ಯವಾಗಿ 1% ಕೊಬ್ಬಿನ ಅಥವಾ ಕೊಬ್ಬು ತೆಗೆದ ಹಾಲು. ಬ್ರ್ಯಾಂಡ್, ಅಳತೆ ರಾಜ್ಯದ ಪಟ್ಟಿಯಂತೆಯೇ ಇರಬೇಕು. ರಾಜ್ಯದ ವಿಕ್ ಆ್ಯಪ್‌ನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿಯೇ ಬುಟ್ಟಿಗೆ ಹಾಕಿ. ಇಂಡಿಯನ್ ಅಂಗಡಿಯವರು ಸ್ನ್ಯಾಪ್ ತೆಗೆದುಕೊಂಡರೂ ವಿಕ್ ತೆಗೆದುಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಮೊಟ್ಟೆ ತಿನ್ನದವರು ಮೊದಲ ಭೇಟಿಯಲ್ಲೇ ಹೇಳಿ, ಬದಲಿಗೆ ಕಾಳು ಅಥವಾ ಪೀನಟ್ ಬಟರ್ ಕೇಳಿ.

ಹೆಸರು ಸೇರಿಸುವ ವಿಷಯದಲ್ಲಿ ನಮ್ಮೂರಿನ ವ್ಯವಸ್ಥೆಯೇ ಮೇಲು. ಬಸುರಿ ಇದ್ದಾಳೆಂದು ತಿಳಿದರೆ ಅಂಗನವಾಡಿ ಕಾರ್ಯಕರ್ತೆ ತಾನೇ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾಳೆ. 2017ರಿಂದ ಮಾತೃಪೂರ್ಣದ ಬಿಸಿಯೂಟವೂ ಇದೆ. ಅಮೆರಿಕದಲ್ಲಿ ಬಾಗಿಲು ತಟ್ಟುವವರಿಲ್ಲ. ಹತ್ತಿರದ ಕ್ಲಿನಿಕ್‌ಗೆ ನೀವೇ ಫೋನ್ ಮಾಡಬೇಕು.

ಗ್ರೀನ್ ಕಾರ್ಡ್‌ಗೆ ಕುತ್ತೇ? ಸರ್ಕಾರದ ನೆರವನ್ನೇ ನೆಚ್ಚಿಕೊಳ್ಳುವವರು ಯಾರೆಂದು ನೋಡಿ ಗ್ರೀನ್ ಕಾರ್ಡ್ ನಿರಾಕರಿಸುವ 2022ರ ‘ಪಬ್ಲಿಕ್ ಚಾರ್ಜ್’ ನಿಯಮ ವಿಕ್ ಅನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಆ ನಿಯಮವನ್ನೇ ತೆಗೆಯುವ ಪ್ರಸ್ತಾವ 2025ರ ನವೆಂಬರ್‌ನಲ್ಲಿ ಹೊರಬಿದ್ದಿದೆ. ವಾಟ್ಸಾಪ್ ಮಾತು ನಂಬಿ ಮಗುವಿನ ಹಾಲು ಬಿಡಬೇಡಿ. ಇಮಿಗ್ರೇಶನ್ ವಕೀಲರನ್ನು ಕೇಳಿ.

ಪೋಸ್ಟ್‌ಡಾಕ್‌ಗೆಂದು (ಪಿಎಚ್‌ಡಿ ನಂತರದ ಸಂಶೋಧನೆಗೆ) ಬೇರೆ ರಾಜ್ಯಕ್ಕೆ ಹೊರಟರೆ ಹಳೆಯ ವಿಕ್ ಕಾರ್ಡ್ ಅಲ್ಲಿ ನಡೆಯದು. ಹೊರಡುವ ಮುಂಚೆ ಕ್ಲಿನಿಕ್‌ನಿಂದ ‘ವೆರಿಫಿಕೇಶನ್ ಆಫ್ ಸರ್ಟಿಫಿಕೇಶನ್’ ಪತ್ರ ಪಡೆಯಿರಿ. ಅದಿದ್ದರೆ ನಿಮ್ಮ ಈಗಿನ ಅರ್ಹತೆಯ ಅವಧಿ ಮುಗಿಯುವವರೆಗೆ ಹೊಸ ರಾಜ್ಯದಲ್ಲಿ ಮತ್ತೆ ಆದಾಯ ತೋರಿಸಬೇಕಿಲ್ಲ.